ಹನ್ನೊಂದನೆಯ ಗುಂಡು

“ಅದು ಹಸುವಿನ ಕೆಚ್ಚಲಲ್ಲ ಕಣೋ ಟೋಸ್ಟೆ, ಪಿಸ್ತೂಲು! ನೇವರಿಸ್ತಾ ಕೂತ್ರೆ ಏನೂ ಬರಲ್ಲ!”

ಬಂದೂಕಿನ ಅಂಗಡಿಯ ಯಜಮಾನ ವರ್ಲ್ ಸ್ಟಿಡಮ್ ಇದನ್ನು ನನ್ನ ಹತ್ತಿರ ಬಂದು ಹೇಳಲಿಲ್ಲ. ಮೈಕಿನಲ್ಲಿ ಹೇಳಿದ. ಗುಂಡು ಹೊಡೆದು ನೋಡುವ ರೇಂಜಿನ ಗಾಜಿನ ಗೋಡೆಯಾಚೆ ಕಾಫಿ ಹಿಡಿದು ನಿಂತಿದ್ದ ಗಿರಾಕಿಗಳಿಗೆಲ್ಲ ಕೇಳಿಸಿತು. ಎಲ್ಲರೂ ನಕ್ಕರು. ದಪ್ಪ ಗಾಜಿನಾಚೆಯ ನಗು ಕೇಳಿಸುವುದಿಲ್ಲ, ಕಾಣಿಸುತ್ತದೆ. ಹೊಟ್ಟೆ ಕುಲುಕುವುದು, ಬಾಯಿ ತೆರೆಯುವುದು, ಒಬ್ಬ ಇನ್ನೊಬ್ಬನ ಭುಜ ತಟ್ಟುವುದು. ಕೇಳಿಸುವ ನಗುವನ್ನಾದರೂ ತಡೆದುಕೊಳ್ಳಬಹುದು.

ನನ್ನ ಕೈಯಲ್ಲಿದ್ದದ್ದು ಟ್ರಾಸ್ಕ್ ನೈನ್. ಹೊಚ್ಚ ಹೊಸದು. ಹೊರಗೆ ಸುತ್ತಿಗೆ ಕಾಣದ, ಒಳಗೊಳಗೇ ಸ್ಟ್ರೈಕರ್ ಎಂಬ ಮೊಳೆ ಬಡಿಯುವ ಜಾತಿಯ ಪಿಸ್ತೂಲು. ನಾನು ಟ್ರಿಗರ್ ಎಳೆದಿದ್ದೆ. ಗುಂಡು ಹಾರಲಿಲ್ಲ. ಟಿಕ್ ಎನ್ನಲೂ ಇಲ್ಲ. ಟ್ರಿಗರ್ ಜೀವವಿಲ್ಲದ ಬೆರಳಿನ ಹಾಗೆ ಹಿಂದಕ್ಕೆ ಬಂದು ಸುಮ್ಮನಾಯಿತು.

ವರ್ಲ್ ಬಾಗಿಲು ತಳ್ಳಿಕೊಂಡು ಒಳಗೆ ಬಂದ. ಅರವತ್ತರ ಮೇಲಾಗಿದ್ದರೂ ಅವನ ಮುಂಗೈ ನನ್ನ ತೊಡೆಯಷ್ಟಿದೆ. ಪಿಸ್ತೂಲನ್ನು ನನ್ನ ಕೈಯಿಂದ ತೆಗೆದುಕೊಂಡ, ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ, ಮ್ಯಾಗಜೀನು, ಅದರ ಬುಡಕ್ಕೆ ಅಂಗೈಯಿಂದ ಪಟಾರನೆ ಹೊಡೆದ, ಮೇಲಿನ ಸ್ಲೈಡ್ ಹಿಂದಕ್ಕೆ ಎಳೆದ, ಇದ್ದಷ್ಟೂ ಗುಂಡನ್ನು ಕಾಗದದ ಮನುಷ್ಯನ ಎದೆಗೆ ಇಳಿಸಿದ. ಒಂದೂ ತಪ್ಪಲಿಲ್ಲ. ಆಮೇಲೆ ಗಾಜಿನ ಕಡೆ ತಿರುಗಿ ಮತ್ತೆ ಮೈಕಿಗೆ ಬಾಯಿ ಹಚ್ಚಿದ.

“ನೋಡಿದ್ರಲ್ಲ? ಪಿಸ್ತೂಲು ಗಟ್ಟಿ ಇದೆ. ಹುಡುಗನ ಕೈ ಮೆತ್ತಗಿದೆ. ಸ್ಕೂಲನ್ನ ಅರ್ಧಕ್ಕೇ ಬಿಟ್ಟೋನು, ಮ್ಯಾಗಜೀನನ್ನೂ ಅರ್ಧಕ್ಕೇ ಬಿಡ್ತಾನೆ.”

ಈ ಸಲ ಇನ್ನೂ ಜೋರಾಗಿ ಹೊಟ್ಟೆಗಳು ಕುಲುಕಿದವು. ನನ್ನ ಕಿವಿ ಕೆಂಡವಾಯಿತು. ನಕ್ಕವರ ನಡುವೆ ನಗದೆ ಇದ್ದವಳು ಒಬ್ಬಳೇ, ನನ್ನ ತೀಯಾ ಇಲ್ದಾ. ಅಪ್ಪನ ತಂಗಿ. ಹಾಲು ಕರೆದು ಬದುಕುವ ನಮ್ಮ ಪೋರ್ಚುಗೀಸ್ ಮನೆಗಳಲ್ಲಿ ಅತ್ತೆಗೆ ತೀಯಾ ಅನ್ನುವುದು. ಎರಡು ಮಣಿಕಟ್ಟಿಗೂ ಬಿಳಿ ಪಟ್ಟಿ ಸುತ್ತಿಕೊಂಡು, ಪರ್ಸನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಅದೇ ಜಾತಿಯ ಪಿಸ್ತೂಲೊಂದನ್ನು ಮನೆಗೆ ತೆಗೆದುಕೊಂಡು ಹೋಗಲು ಅವಳು ಬಂದಿದ್ದಳು. ಮೂರು ಗಂಟೆಗೆ ಅವಳ ಸರದಿ.

ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಅಂಗಡಿಗೆ ಹೊಸ ಪಿಸ್ತೂಲು ಬರುವುದೆಂದರೆ ಊರಿಗೆ ಸರ್ಕಸ್ ಬಂದ ಹಾಗೆ. ಬೇರೆ ರಾಜ್ಯಗಳಲ್ಲಿ ತಿಂಗಳಿಗೊಂದು ಹೊಸದು ಬರುತ್ತದೆ. ನಮ್ಮಲ್ಲಿ ರಾಜಧಾನಿ ಸ್ಯಾಕ್ರಮೆಂಟೊದವರ ಪಟ್ಟಿಯಲ್ಲಿ ಹೆಸರು ಸೇರದೆ ಅಂಗಡಿಯವನು ಹೊಸ ಪಿಸ್ತೂಲು ಮಾರುವ ಹಾಗಿಲ್ಲ. ಪಟ್ಟಿಗೆ ಸೇರಬೇಕಾದರೆ ಅದನ್ನು ಕಾಂಕ್ರೀಟಿನ ಮೇಲೆ ಬೀಳಿಸಿ ನೋಡಬೇಕು, ನೂರಾರು ಗುಂಡು ಹೊಡೆದು ನೋಡಬೇಕು. ಒಳಗೆ ಗುಂಡಿದ್ದರೆ ಮೇಲೆ ಕೆಂಪು ತುಂಡೊಂದು ಎದ್ದು ನಿಲ್ಲಬೇಕು. ಮ್ಯಾಗಜೀನ್ ಹೊರಗಿದ್ದರೆ ಟ್ರಿಗರ್ ಸಾಯಬೇಕು. ಮ್ಯಾಗಜೀನಿನಲ್ಲಿ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯಬಾರದು. ಟ್ರಾಸ್ಕ್ ಕಂಪನಿಯವರು ಎಲ್ಲಕ್ಕೂ ತಲೆಬಾಗಿ ನಮ್ಮ ರಾಜ್ಯಕ್ಕೆಂದೇ ಒಂದು ಮಾದರಿ ಮಾಡಿ ಕಳಿಸಿದ್ದರು. ತುಲೇರಿ ಸುತ್ತಮುತ್ತಲ ಜನ ಮದುವೆಗೆ ಕಾದ ಹಾಗೆ ಕಾದಿದ್ದರು. ಪೆಟ್ಟಿಗೆ ಒಡೆಯುವ ಮೊದಲೇ ಅರ್ಧ ಮಾಲು ಬುಕ್ ಆಗಿತ್ತು.

ಹೊಸದು ಬಂದರೆ ಮೊದಲು ಹೊಡೆಯುವವನು ನಾನು. ಕಸ ಗುಡಿಸಲು ಸೇರಿದವನು ಎರಡು ವರ್ಷದಲ್ಲಿ ಆ ಕೆಲಸಕ್ಕೆ ಏರಿದ್ದೆ. ಡಬ್ಬಗಟ್ಟಲೆ ಗುಂಡು ಹೊಡೆದು, ಕೊಳಕು ಮಾಡಿ, ಒರೆಸದೆ ಮತ್ತೆ ಹೊಡೆದು, ನನಗೆ ತೋರಿದ್ದನ್ನು ಒಂದು ಚೀಟಿಯಲ್ಲಿ ಬರೆದು ಆ ಪಿಸ್ತೂಲಿನ ಪಕ್ಕ ಗೋಡೆಗೆ ನೇತುಹಾಕಬೇಕು. ಕೆಳಗೆ ನನ್ನ ಹೆಸರು. ಊರಿನವರು ಕಂಪನಿಯ ಬಣ್ಣದ ಪುಸ್ತಕ ಓದುವುದಿಲ್ಲ, ಆ ಚೀಟಿ ಓದುತ್ತಾರೆ. ವರ್ಲ್‌ನಲ್ಲಿ ಒಂದು ಒಳ್ಳೆಯ ಗುಣ ಇತ್ತು ಎಂದರೆ ಅದು ಇದು: ಹೊಡೆದವನ ಚೀಟಿಯನ್ನು ಅವನು ಮುಟ್ಟುತ್ತಿರಲಿಲ್ಲ. ಮಾರಾಟ ಕೆಟ್ಟರೂ ಮುಟ್ಟುತ್ತಿರಲಿಲ್ಲ.

ಟ್ರಾಸ್ಕ್ ಅಂಗಡಿಗೆ ಬಂದ ಮೊದಲ ವಾರವೆಲ್ಲ ಅದನ್ನು ಒಬ್ಬನೇ ಹೊಡೆದಿದ್ದೆ. ಒಮ್ಮೆಯೂ ಕೈ ಕೊಟ್ಟಿರಲಿಲ್ಲ. ಹಿಡಿ ಸಣ್ಣದು, ಸ್ಲೈಡ್ ಹಗುರ, ಒದೆತ ಕಡಿಮೆ. “ತೀಯಾ, ಇದನ್ನೇ ತಗೋ” ಎಂದು ಅವಳಿಗೆ ಹೇಳಿದವನು ನಾನೇ. ಅಂಗಡಿಗೆ ಮೊದಲು ಬಂದ ಒಂದೆರಡರಲ್ಲಿ ಒಂದನ್ನು ಅವಳ ಹೆಸರಿಗೆ ಹಾಕಿಸಿದ್ದೆ. ಹೆಸರಿಗೆ ಹಾಕಿಸಿದ ಮೇಲೆ ಹತ್ತು ದಿನ ಕಾಯಬೇಕು, ಅದು ಕಾನೂನು. ಮಧ್ಯೆ ಮನಸ್ಸು ಬದಲಾಯಿಸಿ ಬೇರೆ ಪಿಸ್ತೂಲು ಬೇಕೆಂದರೆ ಲೆಕ್ಕ ಮತ್ತೆ ಒಂದರಿಂದ ಶುರು.

ಅವಳಿಗೆ ಕಾಯುವಷ್ಟು ಪುರುಸೊತ್ತಿರಲಿಲ್ಲ. ಡ್ವೈಟ್ ಹೊರಗೆ ಬಂದಿದ್ದ. ಡ್ವೈಟ್ ಎಂದರೆ ಅವಳ ಮಾಜಿ ಗಂಡ. ಅವಳ ದವಡೆ ಮುರಿದದ್ದಕ್ಕೆ ಜೈಲಿನಲ್ಲಿದ್ದವನು. ಹತ್ತಿರ ಸುಳಿಯಬೇಡ ಎಂದು ಕೋರ್ಟು ಅವನಿಗೆ ಹೇಳಿದೆ. ಅವನು ಹತ್ತಿರ ಸುಳಿಯುವುದಿಲ್ಲ. ತೀಯಾಳ ಟ್ರೇಲರ್ ಮನೆಯ ಎದುರು ಕಾಲುವೆ, ಕಾಲುವೆಯಾಚೆ ಬಾದಾಮಿ ತೋಟ. ಆ ತೋಟದ ಅಂಚಿನಲ್ಲಿ ಟ್ರಕ್ಕು ನಿಲ್ಲಿಸಿ ಸಿಗರೇಟು ಸೇದುತ್ತ ಕೂರುತ್ತಾನೆ. ಷೆರಿಫ್ ಕಚೇರಿಗೆ ಫೋನು ಮಾಡಿದರೆ ಅವರು ಬರುವಷ್ಟರಲ್ಲಿ ಒಂದು ಪಾತ್ರೆ ಬೀನ್ಸ್ ಬೇಯಿಸಿ ಇಳಿಸಬಹುದು. ಬಂದಾಗ ಅಲ್ಲಿ ಟ್ರಕ್ಕಿನ ಗಾಲಿಯ ಗುರುತು ಮಾತ್ರ ಇರುತ್ತದೆ.

ಆದ್ದರಿಂದ ಬೆಳಗಿನ ಆ ಸತ್ತ ಟ್ರಿಗರ್ ನನಗೆ ಬರೀ ಮರ್ಯಾದೆಯ ಪ್ರಶ್ನೆಯಾಗಿರಲಿಲ್ಲ.

ಗಿರಾಕಿಗಳು ಕೌಂಟರಿನ ಕಡೆ ಹೋದ ಮೇಲೆ ಅದೇ ಪಿಸ್ತೂಲನ್ನು ಎತ್ತಿಕೊಂಡು ರೇಂಜಿನ ಕಟ್ಟಕಡೆಯ ಅಂಕಣಕ್ಕೆ ಹೋದೆ. ಸಿಟ್ಟಿನಲ್ಲಿ ಹೊಡೆದೆ. ಗುಂಡು ತುಂಬುವುದು, ಬುಡಕ್ಕೆ ಬಡಿಯುವುದು, ಹೊಡೆಯುವುದು. ತುಂಬುವುದು, ಬಡಿಯುವುದು, ಹೊಡೆಯುವುದು. ವರ್ಲ್‌ನ ಮುಖವೇ ಅಲ್ಲಿ ನೇತಾಡುತ್ತಿದೆ ಎಂದುಕೊಂಡು ಹೊಡೆದೆ. ಒಮ್ಮೆಯೂ ನಿಲ್ಲಲಿಲ್ಲ. ಹಾಳಾದ್ದು ಗಡಿಯಾರದ ಹಾಗೆ ಓಡಿತು. ಹಾಗಾದರೆ ತಪ್ಪು ನನ್ನ ಕೈಯದ್ದೇ? ಆ ಯೋಚನೆ ಬಂದದ್ದೇ ಇನ್ನೂ ಸಿಟ್ಟು ಬಂತು.

ಕೈ ಸೋತ ಮೇಲೆ ಬುದ್ಧಿ ಬಂತು. ಬೆಳಿಗ್ಗೆ ಏನು ಬೇರೆ ಮಾಡಿದ್ದೆ? ಜನ ನೋಡುತ್ತಿದ್ದರು. ಒಂದೊಂದನ್ನೂ ತೋರಿಸಿ, ನಿಧಾನವಾಗಿ ಮಾಡಿದ್ದೆ. ಮ್ಯಾಗಜೀನನ್ನು ಬಡಿದಿರಲಿಲ್ಲ, ಎರಡು ಬೆರಳಲ್ಲಿ ಹಿಡಿದು, ಎಲ್ಲರಿಗೂ ಕಾಣುವ ಹಾಗೆ, ಕ್ಲಿಕ್ ಎನ್ನುವ ತನಕ ತಳ್ಳಿದ್ದೆ. ಕ್ಲಿಕ್ ಅಂದಿತ್ತು. ಅಷ್ಟೇ ಸಾಕಲ್ಲ?

ಇನ್ನೊಂದೂ ಮಾಡಿದ್ದೆ. ಹನ್ನೊಂದು ತುಂಬಿದ್ದೆ.

ನಮ್ಮ ಅಂಗಡಿಯಲ್ಲಿ ಹನ್ನೊಂದು ಎಂದರೆ ದೇವರ ಹೆಸರು. ಮ್ಯಾಗಜೀನಿಗೆ ಹತ್ತು ಎಂದು ಕಾನೂನು ಹೇಳುತ್ತದೆ. ಆದರೆ ಒಂದನ್ನು ನಳಿಗೆಗೆ ಏರಿಸಿ, ಮ್ಯಾಗಜೀನನ್ನು ಹೊರಗೆ ತೆಗೆದು, ಖಾಲಿಯಾದ ಜಾಗಕ್ಕೆ ಇನ್ನೊಂದು ತುಂಬಿ ಮತ್ತೆ ಒಳಗಿಟ್ಟರೆ ಹನ್ನೊಂದಾಯಿತು. ಅದಕ್ಕೆ ಯಾರ ಅಡ್ಡಿಯೂ ಇಲ್ಲ. “ಸ್ಯಾಕ್ರಮೆಂಟೊಗೆ ಹತ್ತು, ನನಗೆ ಒಂದು” ಎಂದು ವರ್ಲ್ ಪ್ರತಿ ಕ್ಲಾಸಿನಲ್ಲೂ ಕಲಿಸುತ್ತಾನೆ. ‘10+1’ ಎಂದು ಹೊಲಿದ ಕಪ್ಪು ಟೋಪಿಗಳನ್ನು ಮಾರುತ್ತಾನೆ. ಬೆಳಿಗ್ಗೆ ಗಾಜಿನಾಚೆ ನಕ್ಕವರಲ್ಲಿ ಅರ್ಧ ಜನರ ತಲೆಯ ಮೇಲೆ ಅದೇ ಟೋಪಿ ಇತ್ತು. ಟೋಪಿ ಇಲ್ಲದವನು ಕೂಡ ಹನ್ನೊಂದೇ ತುಂಬುತ್ತಾನೆ. ನಾನೂ ತುಂಬುತ್ತಿದ್ದೆ. ಹತ್ತಕ್ಕೆ ನಿಲ್ಲಿಸಿದರೆ ಅವರಿಗೆ ಹೆದರಿದ ಹಾಗೆ.

ಒಂದನ್ನು ಏರಿಸಿ, ಮೇಲೆ ಹತ್ತು ತುಂಬಿ, ಮೆತ್ತಗೆ ತಳ್ಳಿದೆ. ಕ್ಲಿಕ್. ಕೆಂಪು ತುಂಡು ಎದ್ದು ನಿಂತಿತ್ತು, ಒಳಗೆ ಗುಂಡಿದೆ ಎಂದು. ಟ್ರಿಗರ್ ಎಳೆದೆ.

ಸತ್ತಿತ್ತು.

ಬೆಳಕಿಗೆ ಹಿಡಿದು ನೋಡಿದೆ. ಸ್ಲೈಡ್ ಮುಚ್ಚಿರುವಾಗ ಹತ್ತೂ ತುಂಬಿದ ಮ್ಯಾಗಜೀನಿನ ಮೇಲಿನ ಗುಂಡು ಸ್ಲೈಡಿನ ಹೊಟ್ಟೆಗೆ ಒತ್ತುತ್ತದೆ. ಕೆಳಗೆ ಸ್ಪ್ರಿಂಗ್ ಕುಗ್ಗಲು ಜಾಗವೇ ಇಲ್ಲ. ಹಿಡಿಯುವ ಕೊಕ್ಕೆ ಹಿಡಿದಿರುತ್ತದೆ, ಆದರೆ ಮ್ಯಾಗಜೀನು ಒಂದು ಉಗುರಿನ ದಪ್ಪದಷ್ಟು ಕೆಳಗೆ ಜೋತಿರುತ್ತದೆ. ಅಷ್ಟು ಸಾಕು. ಮ್ಯಾಗಜೀನ್ ಹೊರಗಿದೆ ಎಂದು ಪಿಸ್ತೂಲು ನಂಬಿಬಿಡುತ್ತದೆ, ಟ್ರಿಗರನ್ನು ಕೊಂದುಬಿಡುತ್ತದೆ. ಬುಡಕ್ಕೆ ಒಂದು ಏಟು ಬಿದ್ದರೆ ಸರಿಹೋಗುತ್ತದೆ. ನಾವೆಲ್ಲ ಯೋಚಿಸದೆಯೇ ಏಟು ಹಾಕುತ್ತೇವೆ. ಅದಕ್ಕೇ ನನಗೆ ವಾರವಿಡೀ ಗೊತ್ತಾಗಿರಲಿಲ್ಲ.

ಹೊರಗೆ ಹೋಗಿ ತೀಯಾಳನ್ನು ಕರೆತಂದೆ. ಕಿವಿಗೆ ಮುಚ್ಚಳ ಹಾಕಿದೆ.

“ವರ್ಲ್ ಕ್ಲಾಸಲ್ಲಿ ಹೇಳಿಕೊಟ್ಟ ಹಾಗೇ ತುಂಬು.”

“ಹನ್ನೊಂದು?”

“ಹನ್ನೊಂದು.”

ಅವಳು ಅಚ್ಚುಕಟ್ಟಾಗಿ ತುಂಬಿದಳು. ಮ್ಯಾಗಜೀನನ್ನು ಅಂಗೈಯ ಬುಡದಿಂದ ಒತ್ತಿದಳು. ಹಾಲು ಕರೆಯುವ ಯಂತ್ರದ ಬಟ್ಟಲನ್ನು ಹಸುವಿನ ಕೆಚ್ಚಲಿಗೆ ಏರಿಸಿದ ಹಾಗೆ, ನೋಯಿಸದೆ. ಮೂವತ್ತು ವರ್ಷ ಆ ಕೆಲಸ ಮಾಡಿಯೇ ಮಣಿಕಟ್ಟಿನ ನರ ಕೆಟ್ಟು ಆಪರೇಷನ್ ಮಾಡಿಸಿಕೊಂಡವಳು. ಕ್ಲಿಕ್ ಎಂದಿತು. ಗುರಿಯಿಟ್ಟಳು, ಎಳೆದಳು.

“ಏನೋ ಇದು, ನಿದ್ದೆ ಹೋಗಿದೆ?” ಎಂದಳು.

ಮತ್ತೆ ಮಾಡಿಸಿದೆ. ಒಮ್ಮೆ ಹಾರಿತು, ಆಮೇಲೆ ಎರಡು ಸಲ ಹಾರಲಿಲ್ಲ. “ಬುಡಕ್ಕೊಂದು ಹೊಡಿ ತೀಯಾ” ಎಂದೆ. ಹೊಡೆದಳು. ಮುಖ ಹಿಂಡಿಕೊಂಡು ಕೈಯನ್ನು ಕಂಕುಳಿಗೆ ಸೇರಿಸಿಕೊಂಡಳು. ಮ್ಯಾಗಜೀನು ಅಲ್ಲಾಡಿರಲಿಲ್ಲ. ಆಮೇಲೆ ಹತ್ತೇ ತುಂಬಿಸಿದೆ, ಮೇಲಿನದು ಬೇಡ ಎಂದೆ. ಮ್ಯಾಗಜೀನ್ ಒಳಗಿಟ್ಟು ಸ್ಲೈಡ್ ಎಳೆದರೆ ಒಂದು ನಳಿಗೆಗೆ ಹೋಗುತ್ತದೆ, ಕೆಳಗೆ ಒಂಬತ್ತು ಉಳಿಯುತ್ತದೆ, ಸ್ಪ್ರಿಂಗ್ ಉಸಿರಾಡುತ್ತದೆ. ಅವಳು ಎರಡು ಡಬ್ಬ ಹೊಡೆದಳು. ಮೆತ್ತಗೆ ತಳ್ಳಿದರೂ, ಓರೆಯಾಗಿ ತಳ್ಳಿದರೂ, ಎಡಗೈಯಲ್ಲಿ ತಳ್ಳಿದರೂ ಒಂದೂ ನಿಲ್ಲಲಿಲ್ಲ.

“ಹಾಗಾದ್ರೆ ಹತ್ತು ತುಂಬಿದ್ರಾಯ್ತು,” ಎಂದಳು ತೀಯಾ.

“ಹತ್ತು ಸಾಕಾ?”

“ಡ್ವೈಟ್ ಒಬ್ಬನೇ ಅಲ್ವೇನೋ?”

ಅವಳು ನಗುತ್ತಿರಲಿಲ್ಲ. ನನಗೇ ನಗು ಬಂದು ನುಂಗಿಕೊಂಡೆ.

ಅವಳನ್ನು ಹೊರಗೆ ಕೂರಿಸಿ ವರ್ಲ್‌ನನ್ನು ಕರೆದೆ. ಬರುವುದಿಲ್ಲ ಎಂದುಕೊಂಡಿದ್ದೆ, ಬಂದ. ನಾನು ಮಾಡಿ ತೋರಿಸಿದೆ. ಆಮೇಲೆ ಅವನ ಕೈಗೇ ಕೊಟ್ಟು, “ಬುಡಕ್ಕೆ ಹೊಡೀಬೇಡಿ, ಒತ್ತಿ” ಎಂದೆ. ಒತ್ತಿದ. ಎಳೆದ. ಅವನ ಕೈಯಲ್ಲೂ ಸತ್ತಿತು. ಬೆಳಕಿಗೆ ಹಿಡಿದು ನೋಡಿದ. ನಲವತ್ತು ವರ್ಷ ಬಂದೂಕು ಬಿಚ್ಚಿ ಕೂಡಿಸಿದವನಿಗೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ.

“ಸರಿ, ಬುಡಕ್ಕೆ ಹೊಡೀಬೇಕು. ಅದ್ರಲ್ಲಿ ಹೊಸದೇನು?”

“ಹೊಡೆಯೋಕೆ ಆಗದವರು?”

“ನಾಯಿ ಸಾಕ್ಕೊಳ್ಲಿ.”

“ವರ್ಲ್, ಚೀಟೀಲಿ ಬರೀತೀನಿ. ಹತ್ತು ಮಾತ್ರ ತುಂಬಿ, ಹನ್ನೊಂದು ಬೇಡ ಅಂತ. ಅಷ್ಟೇ. ಪಿಸ್ತೂಲು ಚೆನ್ನಾಗಿದೆ ಅಂತಾನೂ ಬರೀತೀನಿ. ಇರೋದೇ ಚೆನ್ನಾಗಿ.”

ಅವನು ಪಿಸ್ತೂಲನ್ನು ಹಲಗೆಯ ಮೇಲೆ ಇಟ್ಟ. ಬೆಳಿಗ್ಗೆ ಮೈಕಿನಲ್ಲಿದ್ದ ದನಿ ಇರಲಿಲ್ಲ.

“ನಾನು ಅಂಗಡಿ ತೆಗೆದಾಗ ಆ ಗೋಡೆ ತುಂಬಿತ್ತು ಕಣೋ. ಬೇಕಾದ್ದು ತರ್ತಿದ್ದೆ. ಆಮೇಲೆ ಇದು ಬೇಡ ಅಂದ್ರು, ಅದು ಬೇಡ ಅಂದ್ರು. ಹದಿನೈದಿತ್ತು, ಹತ್ತು ಮಾಡು ಅಂದ್ರು. ಮಾಡ್ದೆ. ಕೊನೇಗೆ ನಂದು ಅಂತ ಉಳ್ದಿರೋದು ಆ ಒಂದೇ ಒಂದು ಗುಂಡು. ಈಗ ನನ್ನ ಗೋಡೆ ಮೇಲೇ, ನನ್ನ ಅಂಗಡಿ ಹುಡುಗ, ಅದೂ ಬೇಡ ಅಂತ ಬರೀತಾನೆ? ಸ್ಯಾಕ್ರಮೆಂಟೊದವರು ಕೂಡ ಅಷ್ಟು ಕೇಳ್ಲಿಲ್ಲ!”

“ಅವರಿಗೋಸ್ಕರ ಅಲ್ಲ. ಟ್ರಿಗರ್ ಸಾಯ್ತದೆ ವರ್ಲ್. ಕತ್ತಲಲ್ಲಿ, ಹೆದರಿಕೇಲಿ ಯಾರು ಏನು ಬಡೀತಾರೆ?”

“ನಾನು ಕಲಿಸಿದವರು ಬಡೀತಾರೆ.” ಅವನ ದನಿ ಮತ್ತೆ ಮೇಲೇರಿತು. “ಕೇಳು. ಮೂರು ಗಂಟೆಗೆ ನಿಮ್ಮತ್ತೆ ಕೌಂಟರಿಗೆ ಬರ್ತಾಳೆ. ಪಿಸ್ತೂಲು ಹಿಡಿಯೋಕೆ ಬರುತ್ತೋ ಇಲ್ವೋ ನೋಡಿ ಸಹಿ ಹಾಕೋನು ನಾನು. ಅಷ್ಟರೊಳಗೆ ನಿನ್ನ ಬಾಯಿಂದ ಹನ್ನೊಂದು ಬೇಡ ಅಂತ ಒಂದು ಮಾತು ಹೊರಗೆ ಬಂತೋ, ಆ ಪಟ್ಟಿ ಸುತ್ಕೊಂಡ ಕೈ ನೋಡ್ತೀನಿ, ಆಗಲ್ಲ ಅಂತೀನಿ. ಆಮೇಲೆ ಬೇರೆ ಅಂಗಡಿಗೆ ಹೋಗ್ಲಿ, ಬೇರೆ ಪಿಸ್ತೂಲು ಬರೆಸ್ಲಿ, ಮತ್ತೆ ಕಾಯ್ಲಿ.”

ಅವನು ಹೋದ. ಅವನ ಹಿಂದೆಯೇ ಹೋಗಿ, ಮೈಕು ಕಿತ್ತುಕೊಂಡು, ಎಲ್ಲರಿಗೂ ಕೂಗಿ ಹೇಳಿಬಿಡಬೇಕು ಎನ್ನಿಸಿತು. ಹೇಳಿದ್ದರೆ ನನಗೆ ತಂಪಾಗುತ್ತಿತ್ತು. ಆದರೆ ತೀಯಾ ಖಾಲಿ ಕೈಯಲ್ಲಿ ಕಾಲುವೆ ರಸ್ತೆಗೆ ವಾಪಸು ಹೋಗಬೇಕಾಗುತ್ತಿತ್ತು.

ಪಾರ್ಕಿಂಗ್ ಜಾಗದಲ್ಲಿ ನನ್ನ ಟ್ರಕ್ಕಿನೊಳಗೆ ಕೂತು ಅವಳು ತಂದಿದ್ದ ಲಿಂಗ್ವೀಸಾ ಸಾಸೇಜಿನ ಬ್ರೆಡ್ಡು ತಿಂದೆವು. ಹೊರಗೆ ಡೈರಿಗಳ ಸಗಣಿ ವಾಸನೆ, ಬಿಸಿಲು. ನಡೆದದ್ದನ್ನೆಲ್ಲ ಹೇಳಿದೆ. ಅವಳು ನಿಧಾನವಾಗಿ ಅಗಿಯುತ್ತ ಕೇಳಿದಳು. ಆ ದವಡೆ ಈಗಲೂ ಒಂದೇ ಕಡೆ ಅಗಿಯುತ್ತದೆ.

“ನಿನಗೆ ಬೈದನಲ್ಲ ಬೆಳಿಗ್ಗೆ,” ಎಂದಳು.

“ಅದು ಬಿಡು.”

“ಕೆಚ್ಚಲು ಅಂದ. ನಿಮ್ಮಪ್ಪ ಇದ್ದಿದ್ರೆ ಅವನ ಹಲ್ಲು ಉದುರಿಸ್ತಿದ್ದ.”

“ಉದುರಿಸ್ಲಾ?”

“ಮೂರು ಗಂಟೆ ಆದ ಮೇಲೆ.” ಬ್ರೆಡ್ಡಿನ ಚೂರುಗಳನ್ನು ಮಡಿಲಿಂದ ಕೊಡವಿದಳು. “ಬೇರೆ ತಗೊಂಡ್ರೆ ಮತ್ತೆ ಹತ್ತು ದಿನ ಅಲ್ವಾ? ನಿನ್ನೆ ಅವನು ಟ್ರಕ್ಕಿಂದ ಇಳಿದಿದ್ದ ಕಣೋ. ಕಾಲುವೆ ದಂಡೆ ತನಕ ನಡೆದು ಬಂದು, ಕೈ ಬೀಸಿ, ವಾಪಸು ಹೋದ. ನನಗೆ ಇವತ್ತೇ ಬೇಕು. ಮೂರು ಗಂಟೆ ತನಕ ನೀನು ಬಾಯಿ ತೆಗೀಬೇಡ. ಯಾರು ಏನೇ ಅನ್ಲಿ.”

“ಆಮೇಲೆ?”

“ಆಮೇಲೆ ನಿನ್ನಿಷ್ಟ. ನನ್ನ ಹಾಗೆ ಮೆತ್ತನೆ ಕೈಯೋರು ಇನ್ನೂ ಇರ್ತಾರೆ.”

ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಚೀಟಿ ಬರೆದೆ. ದಪ್ಪ ಪೆನ್ನಿನಲ್ಲಿ, ದೊಡ್ಡ ಅಕ್ಷರದಲ್ಲಿ. ಮಡಿಸಿ ಜೇಬಿಗಿಟ್ಟೆ.

ಮೂರು ಗಂಟೆಗೆ ಅಂಗಡಿ ಗಿಜಿಗುಡುತ್ತಿತ್ತು. ಬೆಳಗಿನವರಲ್ಲಿ ಅರ್ಧ ಜನ ಇನ್ನೂ ಅಲ್ಲೇ ಇದ್ದರು. ಅವತ್ತೇ ಪಿಸ್ತೂಲು ಬರೆಸಲು ನಿಂತ ಸಾಲು ಬಾಗಿಲಿನ ತನಕ ಬೆಳೆದಿತ್ತು. ತೀಯಾ ಕೌಂಟರಿಗೆ ಹೋದಳು. ನಾನು ಗೋಡೆಗೊರಗಿ ನಿಂತೆ.

“ಏನು ಹಾಲಿನಣ್ಣ, ಕೈಗೆ ಎಣ್ಣೆ ಹಚ್ಕೊಂಡು ಬಂದ್ಯಾ?” ಎಂದ ನಾರ್ಮ್. ಸಾಲಿನ ಪಕ್ಕ ಹರಟುತ್ತ ನಿಂತಿದ್ದ ನಿವೃತ್ತ ಟ್ರ್ಯಾಕ್ಟರ್ ಮೆಕ್ಯಾನಿಕ್. ಅವನ ತಲೆಯ ಮೇಲೂ ಆ ಟೋಪಿ. ಪಕ್ಕದವನು ಎರಡು ಕೈಯಲ್ಲಿ ಹಾಲು ಕರೆಯುವ ಹಾಗೆ ಆಡಿಸಿ ತೋರಿಸಿದ. ಇನ್ನೊಮ್ಮೆ ನಗು. ನಾನು ಹಲ್ಲು ಕಚ್ಚಿ ನೆಲ ನೋಡಿದೆ. ಕೌಂಟರಿನಾಚೆಯಿಂದ ವರ್ಲ್ ನನ್ನನ್ನೇ ನೋಡುತ್ತಿದ್ದ, ಬಾಯಿ ತೆಗೆಯಲಿ ಎಂದು ಕಾಯುವವನ ಹಾಗೆ.

“ಸರಿ ಇಲ್ದಾ, ಶುರು ಮಾಡು,” ಎಂದ.

ಪ್ಲಾಸ್ಟಿಕ್ಕಿನ ಹುಸಿ ಗುಂಡು ಕೊಟ್ಟ. ಅವಳು ಪಿಸ್ತೂಲು ಖಾಲಿಯೇ ಎಂದು ನೋಡಿದಳು, ಬೆರಳನ್ನು ಟ್ರಿಗರಿನಿಂದ ದೂರ ಇಟ್ಟಳು, ನಳಿಗೆಯನ್ನು ಗೋಡೆಯ ಕಡೆ ತಿರುಗಿಸಿದಳು, ಹುಸಿ ಗುಂಡನ್ನು ಮ್ಯಾಗಜೀನಿಗೆ ಹಾಕಿದಳು. ಕ್ರಮವಾಗಿ, ಒಂದೂ ಬಿಡದೆ. ಮ್ಯಾಗಜೀನನ್ನು ಹಿಡಿಯೊಳಗೆ ಒತ್ತಿದಳು. ಕ್ಲಿಕ್.

“ಹೊಡಿ,” ಎಂದ ವರ್ಲ್.

“ಕೂತಿದೆ.”

“ಬುಡಕ್ಕೆ ಹೊಡಿ ಇಲ್ದಾ. ನಾನು ಕ್ಲಾಸಲ್ಲಿ ಹೇಳಿಕೊಟ್ಟ ಹಾಗೆ. ಒಂದೇ ಒಂದು ಏಟು. ಅದೂ ಆಗಲ್ಲ ಅಂದ್ರೆ ಹೇಗೆ?”

ಕಾನೂನಿನಲ್ಲಿ ಏಟಿನ ಮಾತೇ ಇಲ್ಲ ಎಂದು ನನಗೆ ಗೊತ್ತಿತ್ತು, ವರ್ಲ್‌ಗೂ ಗೊತ್ತಿತ್ತು. ಆ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಕಚ್ಚಿ ಹಿಡಿದೆ.

ತೀಯಾ ಪಿಸ್ತೂಲನ್ನು ಮೆಲ್ಲನೆ ಕೌಂಟರಿನ ಮೇಲೆ ಇಟ್ಟಳು. ಬಿಳಿ ಪಟ್ಟಿಯ ಕೈಗಳನ್ನು ಅದರ ಪಕ್ಕ ಇಟ್ಟಳು.

“ನನಗೆ ಹೊಡೆಯೋಕೆ ಬರಲ್ಲ ವರ್ಲ್,” ಎಂದಳು. “ಹೊಡೆಸ್ಕೊಂಡೇ ಅಭ್ಯಾಸ. ಅದಕ್ಕೇ ಇದನ್ನ ತಗೊಳ್ತಿರೋದು.”

ದನಿ ಏರಿಸಲಿಲ್ಲ. ರೊಟ್ಟಿಯ ಬೆಲೆ ಹೇಳಿದ ಹಾಗೆ ಹೇಳಿದಳು. ನಾರ್ಮ್ ಟೋಪಿಯ ಅಂಚು ಎಳೆದುಕೊಂಡ. ಹಾಲು ಕರೆದು ತೋರಿಸಿದವನು ಜೇಬಿನಲ್ಲಿ ಏನೋ ಹುಡುಕತೊಡಗಿದ. ವರ್ಲ್‌ನ ಕತ್ತು ಕೆಂಪಗಾಯಿತು. ಅವನು ಅವಳ ದವಡೆ ನೋಡಿದ, ಕೈ ನೋಡಿದ, ಆಮೇಲೆ ಯಾರನ್ನೂ ನೋಡಲಿಲ್ಲ.

“ಸ್ಲೈಡ್ ಎಳಿ,” ಎಂದ ಮೆಲ್ಲಗೆ. ಎಳೆದಳು. “ಖಾಲಿ ಮಾಡು.” ಮಾಡಿದಳು. “ಬೀಗ ಹಾಕು.” ಹಾಕಿದಳು.

ಸಹಿ ಹಾಕಿದ. ಅವಳ ಹೆಬ್ಬೆರಳು ಒತ್ತಿಸಿಕೊಂಡ. ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈಯನ್ನೂ ಕೊಟ್ಟು, ಅವಳ ಕಡೆ ಸರಿಸಿದ. ಅವಳು ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ನನ್ನ ಕಡೆ ನೋಡಿದಳು.

ನಾನು ಜೇಬಿನಿಂದ ಚೀಟಿ ತೆಗೆದೆ. ಗೋಡೆಯಲ್ಲಿ ಟ್ರಾಸ್ಕ್ ನೈನ್ ತೂಗುಹಾಕಿದ್ದ ಜಾಗದ ಪಕ್ಕದ ಮೊಳೆಗೆ ಸಿಕ್ಕಿಸಿದೆ. ಸಾಲಿನಲ್ಲಿದ್ದವರು ಕತ್ತು ಉದ್ದ ಮಾಡಿದರು. ಓದಲು ಬಾರದವನೂ ಓದಬಹುದಾದಷ್ಟು ದೊಡ್ಡದಾಗಿ ಬರೆದಿದ್ದೆ: ಒಳ್ಳೆಯ ಪಿಸ್ತೂಲು. ಹತ್ತು ಮಾತ್ರ ತುಂಬಿ. ಹನ್ನೊಂದು ತುಂಬಿ ಮೆತ್ತಗೆ ತಳ್ಳಿದರೆ ಟ್ರಿಗರ್ ಸಾಯುತ್ತದೆ. ಬೇಕಾದರೆ ಕಡೆಯ ಅಂಕಣದಲ್ಲಿ ನೀವೇ ಮಾಡಿ ನೋಡಿ. ರಸ್ ಟೋಸ್ಟೆ.

“ಹನ್ನೊಂದು ಬೇಡ್ವಂತೆ!” ಎಂದ ಸಾಲಿನಲ್ಲಿ ಒಬ್ಬ.

“ಯಾರಂದಿದ್ದು?”

“ಹುಡುಗ ಬರ್ದಿದಾನೆ ನೋಡು.”

“ಹೌದೇನೋ ವರ್ಲ್?” ಎಂದ ನಾರ್ಮ್. “ನಾನು ನಿನ್ನೆ ತಗೊಂಡು ಹೋಗಿದ್ದು ಹಾಸಿಗೆ ಪಕ್ಕ ಹನ್ನೊಂದು ತುಂಬಿಟ್ಟಿದೀನಲ್ಲ.”

ವರ್ಲ್ ಕೌಂಟರು ಸುತ್ತಿಕೊಂಡು ಬಂದ. ಚೀಟಿಯ ಮುಂದೆ ನಿಂತ. ಕೈ ಎತ್ತಿದ. ಎತ್ತಿದ ಕೈ ಚೀಟಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಇಷ್ಟು ವರ್ಷ ಮುಟ್ಟದ್ದನ್ನು ಇಷ್ಟು ಜನರ ಮುಂದೆ ಮುಟ್ಟಲು ಅವನಿಂದ ಆಗಲಿಲ್ಲ. ತಿರುಗಿ ನನ್ನ ಮೇಲೆ ಬಿದ್ದ.

“ತೆಗಿಯೋ ಅದನ್ನ! ನೀನೇ ತೆಗಿ! ಬೆಳಿಗ್ಗೆ ಕೈಲಾಗ್ದೆ ಮಾನ ಕಳ್ಕೊಂಡು, ಈಗ ಪಿಸ್ತೂಲಿನ ಮೇಲೆ ಹಾಕ್ತೀಯೇನೋ? ಹೇಳು, ಎಲ್ಲರ ಮುಂದೆ ಹೇಳು, ತಪ್ಪು ಪಿಸ್ತೂಲಿಂದಾ, ನಿನ್ನ ಕೈದಾ? ಬಾಯಿ ಇಲ್ವೇನೋ, ಹಸು ಕಾಯೋನೇ?”

ಬೆಳಿಗ್ಗೆಯಿಂದ ಆ ಪ್ರಶ್ನೆಗೆ ನೂರು ಉತ್ತರ ಬಾಯಲ್ಲಿ ಕುದ್ದಿದ್ದವು. ಅವನ ತಾಯಿಯಿಂದ ಹಿಡಿದು ಟೋಪಿಯ ತನಕ ಯಾವುದನ್ನೂ ಬಿಡದ ಉತ್ತರಗಳು. ಅವನ ಹಿಂದೆ ನಾರ್ಮ್ ಕಣ್ಣು ಕಿರಿದು ಮಾಡಿಕೊಂಡು ಚೀಟಿಯನ್ನು ಎರಡನೆಯ ಸಲ ಓದುತ್ತಿದ್ದ. ಸಾಲಿನಲ್ಲಿದ್ದ ಒಬ್ಬ ಹೆಂಗಸು ತನ್ನ ಅಂಗೈಯನ್ನು ಬಿಡಿಸಿ ನೋಡಿಕೊಳ್ಳುತ್ತಿದ್ದಳು.

“ಸೋಮವಾರ ಬರೋದಿದ್ರೆ ಅದನ್ನ ತೆಗೆದು ಹೋಗು! ಕೇಳಿಸ್ತಾ?”

ನನ್ನ ಬಳಿಯಿದ್ದ ಅಂಗಡಿಯ ಬಾಗಿಲಿನ ಬೀಗದ ಕೈಯನ್ನು ಗೊಂಚಲಿನಿಂದ ಬಿಡಿಸಿ ಕೌಂಟರಿನ ಮೇಲೆ ಇಟ್ಟೆ. ತೀಯಾಳ ಎರಡು ಕೈಯಲ್ಲೂ ಪೆಟ್ಟಿಗೆ ಇತ್ತು, ಬಾಗಿಲು ತೆಗೆಯಲು ಅವಳಿಗೆ ಆಗುತ್ತಿರಲಿಲ್ಲ. ನಾನು ತೆಗೆದು ಹಿಡಿದೆ. ಅವಳು ಹೊರಗೆ ಹೋದಳು. ಹಿಂದಿನಿಂದ ವರ್ಲ್ ಇನ್ನೂ ಕೂಗುತ್ತಿದ್ದ. ನಾನೂ ಹೋದೆ.